ಅಳತೆ ಮೊದಲು, ಸಾಣೆ ಆಮೇಲೆ

ತಳೇಗಾಂವ ದಾಭಾಡೆಯ ಸುತ್ತಲಿನ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ಇಂಥ ಬಂಡೆಯ ಪೊಟರೆಗಳಲ್ಲಿ ಸ್ಫಟಿಕ ಬೆಳೆದಿರುವುದುಂಟು. ಅಂಥ ಒರಟು ಕಲ್ಲೊಂದರಿಂದ ಎಷ್ಟು ದೊಡ್ಡ ಹರಳು ತೆಗೆಯಬಹುದು?

ನಮ್ಮ ಕಣ್ಣು ಅಗಲದ ಮೇಲೆ. ಬಲ್ಲ ಕೆಲಸಗಾರನ ಕಣ್ಣು ಆಳದ ಮೇಲೆ. ಸ್ಫಟಿಕದೊಳಗೆ ಹೊಕ್ಕ ಬೆಳಕು ಮೇಲಕ್ಕೆ ಮರಳಬೇಕಾದರೆ ತಳದ ಮುಖಗಳ ಓರೆ ಸುಮಾರು 41 ಡಿಗ್ರಿಗಿಂತ ಹೆಚ್ಚಿರಬೇಕು. 43 ಡಿಗ್ರಿ ಇಟ್ಟರೆ, 10 ಮಿಲಿಮೀಟರ್ ಅಗಲದ ದುಂಡು ಹರಳಿಗೆ ಸುಮಾರು ಆರೂವರೆ ಮಿಲಿಮೀಟರ್ ಆಳ ಬೇಕು. ಕಲ್ಲು 15 ಮಿಲಿಮೀಟರ್ ಅಗಲವಿದ್ದರೂ ಆಳ ಅಷ್ಟೇ ಇದ್ದರೆ 10ಕ್ಕೇ ತೃಪ್ತಿಪಡಬೇಕು. ಆಸೆಗೆ ಬಿದ್ದು ಅಗಲ ಉಳಿಸಿದರೆ ಓರೆ ತಗ್ಗಿ ಬೆಳಕು ತಳದಿಂದ ಸೋರಿಹೋಗುತ್ತದೆ. ತೂಕ ಉಳಿಯಿತು, ಹೊಳಪು ಹೋಯಿತು.

ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಮತ್ತೆ ಸಾಣೆ ಹಿಡಿದಾಗ ಅದು 191 ಕ್ಯಾರೆಟ್‌ನಿಂದ ಸುಮಾರು 106ಕ್ಕೆ ಇಳಿಯಿತು. ಹೊಳಪು ಹೆಚ್ಚಿತು, ಹಳೆಯ ರೂಪ ಮಾತ್ರ ಇನ್ನೆಂದಿಗೂ ಬಾರದು. ಅಳತೆ ಮೊದಲು ಎನ್ನುವುದು ಅದಕ್ಕೇ.

ಮಕ್ಕಳ ವಿಷಯದಲ್ಲಿ ನಾವು ಇದನ್ನು ತಿರುವುಮುರುವು ಮಾಡುತ್ತೇವೆ. ಡಾಕ್ಟರೋ ಎಂಜಿನಿಯರೋ ಎಂದು ಅಗಲವನ್ನು ಮೊದಲೇ ನಿಶ್ಚಯಿಸಿ, ಆಮೇಲೆ ಆಳ ಸಾಲದೆಂದು ಮಗುವನ್ನು ಗದರುತ್ತೇವೆ.

ಆದರೆ ಈ ಹೋಲಿಕೆಗೂ ಮಿತಿಯುಂಟು. ಕಲ್ಲಿನ ಆಳ ಬೆಳೆಯದು, ಮಗುವಿನದು ಬೆಳೆಯುತ್ತದೆ. ಕಲ್ಲು ಬಾಯಿಬಿಡದು, ಮಗು ಹೇಳುತ್ತದೆ. ಕಲ್ಲನ್ನು ಒಮ್ಮೆ ಸರಿಯಾಗಿ ಅಳೆದರೆ ಸಾಕು. ಮಗುವನ್ನು ವರ್ಷವರ್ಷವೂ ಹತ್ತಿರ ಕೂರಿಸಿಕೊಂಡು ಕೇಳಬೇಕು.