ಭಯಕ್ಕೆ ಗಡುವುಂಟೆ?

ಕಾಲವು ಎಲ್ಲ ಗಾಯಗಳನ್ನೂ ಮಾಯಿಸುತ್ತದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದುಃಖದ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ದಿಟ. ಭಯದ ವಿಷಯದಲ್ಲಿಯೂ ದಿಟವೇ? ದುಃಖಕ್ಕೆ ಕಾರಣವಾದದ್ದು ಆಗಿಹೋದ ಸಂಗತಿ. ಭಯಕ್ಕೆ ಕಾರಣನಾದವನಾದರೋ ಇನ್ನೂ ಅದೇ ಊರಿನಲ್ಲಿರುತ್ತಾನೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ೨೦೦೫ರ ಕಾಯಿದೆಯನ್ನು ರಚಿಸಿದವರು ಇದನ್ನು ಅರಿತಿದ್ದರೆಂದು ತೋರುತ್ತದೆ. ೨೦೦೬ರ ಅಕ್ಟೋಬರ್ ೨೬ರಿಂದ ಜಾರಿಯಲ್ಲಿರುವ ಈ ಕಾಯಿದೆಯ ೨೫ನೆಯ ಕಲಮಿನಂತೆ, ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವು ನೊಂದವಳೇ ಇನ್ನು ಸಾಕೆಂದು ಅರ್ಜಿ ಕೊಡುವವರೆಗೆ ಊರ್ಜಿತ. ಪರಿಸ್ಥಿತಿ ಬದಲಾಗಿದೆಯೆಂದು ಯಾವ ಪಕ್ಷದವರಾದರೂ ತೋರಿಸಿಕೊಟ್ಟರೆ, ಕಾರಣವನ್ನು ಬರೆದಿಟ್ಟು ಅದನ್ನು ತಿದ್ದಬಹುದು, ರದ್ದುಪಡಿಸಲೂಬಹುದು.

ತೊಡಕಿರುವುದು ಅದಕ್ಕೆ ಮುನ್ನ. ಅರ್ಜಿಯನ್ನು ಮೊದಲ ವಿಚಾರಣೆಯಿಂದ ೬೦ ದಿನಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳಿದರೂ ಮೊಕದ್ದಮೆಗಳು ಎಳೆಯುತ್ತವೆ. ಅಲ್ಲಿಯವರೆಗೆ ಅವಳನ್ನು ಕಾಯುವುದು ೨೩ನೆಯ ಕಲಮಿನ ಮಧ್ಯಂತರ ಆದೇಶ. ಅದರಲ್ಲಿ ಎಷ್ಟೋ ವೇಳೆ ‘ಮುಂದಿನ ವಾಯಿದೆಯವರೆಗೆ’ ಎಂದು ಬರೆದಿರುತ್ತದೆ. ಆ ದಿನ ಮುಂದುವರಿಸಿಕೊಳ್ಳದಿದ್ದರೆ ಮರುದಿನ ಅವಳ ಕೈಯಲ್ಲಿರುವುದು ಬರಿಯ ಕಾಗದ. ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನೋ ೨೦,೦೦೦ ರೂಪಾಯಿಯವರೆಗೆ ದಂಡವನ್ನೋ ಎರಡನ್ನೂ ವಿಧಿಸುವ ೩೧ನೆಯ ಕಲಮೂ, ಮೀರಲು ಆದೇಶವೇ ಇಲ್ಲದಾಗ ನಿರುಪಯೋಗಿ.

ಕಳಸದ ಕಡೆಯ ಕಾಫಿ ತೋಟವೊಂದರ ಲೈನಿನಲ್ಲಿರುವ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಪ್ರತಿ ವಾಯಿದೆಗೂ ಅವಳಿಗೆ ಒಂದು ದಿನದ ಕೂಲಿ ಖೋತಾ. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರಿಗೆ ಕಳಸಕ್ಕೆ ಬರುವುದೇ ಸುತ್ತುಹಾದಿ. ಹೇಗೋ ಪೇಟೆ ಸೇರಿದವಳಿಗೆ ಎದುರಾಗುವ ಪ್ರಶ್ನೆ: “ಇತ್ತೀಚೆಗೆ ಏನಾದರೂ ಗಲಾಟೆ ಮಾಡಿದನೇನಮ್ಮಾ?” ಇಲ್ಲವೆಂದರೆ, “ಹಾಗಾದರೆ ಇನ್ನೇತಕ್ಕೆ ಆದೇಶ?”

ಈ ತರ್ಕದ ವೈಚಿತ್ರ್ಯವನ್ನು ನೋಡಿ. ಆದೇಶ ಫಲಿಸಿದ್ದೇ ಅದು ಅನಗತ್ಯವೆಂಬುದಕ್ಕೆ ಸಾಕ್ಷಿಯಾಯಿತು! ದನ ನುಗ್ಗಲಿಲ್ಲವೆಂದು ತೋಟದ ಬೇಲಿಯನ್ನು ಕಿತ್ತೊಗೆಯುವವರುಂಟೆ? ಕ್ಯಾಲಿಫೋರ್ನಿಯಾದಲ್ಲಿ ಇಂಥ ಆದೇಶಕ್ಕೆ ಹೆಚ್ಚೆಂದರೆ ಐದು ವರ್ಷದ ಅವಧಿ. ಮುಗಿಯುವ ಮುನ್ನ ನವೀಕರಣ ಕೋರಬೇಕು. ಆದರೆ ಹೊಸದಾಗಿ ಪೆಟ್ಟು ತಿಂದಿರಬೇಕೆಂಬ ನಿಬಂಧನೆಯಿಲ್ಲ. ಮುಂದಿನ ಹಿಂಸೆಯ ಭಯ ಸಕಾರಣವಾಗಿದ್ದರೆ ಸಾಕೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು ೨೦೦೪ರಲ್ಲಿ ತೀರ್ಪಿತ್ತಿತು.

ಎದುರು ಪಕ್ಷಕ್ಕೂ ಒಂದು ನ್ಯಾಯವಿದೆ. ಮನುಷ್ಯ ಬದಲಾಗಬಲ್ಲ; ಅವನನ್ನು ಎಂದೆಂದಿಗೂ ಶಂಕಿತನಾಗಿಯೇ ಇರಿಸುವುದು ಧರ್ಮವಲ್ಲ. ಒಪ್ಪೋಣ. ಆದರೆ ಬದಲಾದೆನೆಂಬುದನ್ನು ತೋರಿಸಬೇಕಾದವರು ಯಾರು? ಬದಲಾದವನೇ. ಗೋಡೆಯ ಮೇಲಿನ ಪಂಚಾಂಗ ಅವನ ಪರವಾಗಿ ಸಾಕ್ಷಿ ನುಡಿಯಲಾರದು. ಬೇರೊಂದು ಸಂದರ್ಭದಲ್ಲಿ, ಮೊಕದ್ದಮೆಗಳ ತಡೆಯಾಜ್ಞೆಗಳು ಆರು ತಿಂಗಳಿಗೆ ತಾವಾಗಿಯೇ ಬಿದ್ದುಹೋಗುತ್ತವೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಹೇಳಿತ್ತು. ೨೦೨೪ರ ಫೆಬ್ರವರಿಯಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ತಳ್ಳಿಹಾಕಿತು: ಕಾಲ ಕಳೆಯಿತೆಂಬ ಒಂದೇ ಕಾರಣಕ್ಕೆ ಮಧ್ಯಂತರ ಆದೇಶ ಸಾಯಕೂಡದು. ಆಸ್ತಿಪಾಸ್ತಿಯ ವ್ಯಾಜ್ಯಗಳಿಗೂ ದೊರೆತ ಈ ವಿವೇಕ ಹೆಣ್ಣಿನ ಮೈಮನಗಳ ರಕ್ಷಣೆಗೂ ಸಲ್ಲಬೇಡವೇ?

ಮಧ್ಯಂತರ ಆದೇಶವನ್ನು ಅರ್ಜಿ ಇತ್ಯರ್ಥವಾಗುವವರೆಗೆ ಎಂದೇ ಬರೆಯಿಸಬೇಕು; ಇಲ್ಲವಾದರೆ ವಾಯಿದೆಗೆ ಮುನ್ನವೇ ಮುಂದುವರಿಕೆ ಕೇಳಬೇಕು. ೧೯೮೭ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯವೆಷ್ಟೇ ಇರಲಿ, ಪ್ರತಿ ಹೆಂಗಸಿಗೂ ಉಚಿತ ವಕೀಲರ ನೆರವುಂಟು. ಇದನ್ನು ಅವಳಿಗೆ ಹೇಳಬೇಕಾದವರು ಓದುಬರಹ ಬಲ್ಲ ನಾವು. ಅವಳ ಭಯ ಯಾವಾಗ ಮುಗಿಯಿತೆಂದು ಹೇಳಬೇಕಾದವಳು ಮಾತ್ರ ಅವಳೇ.