ದೀಪದಾಚೆಯ ಲೆಕ್ಕ

ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಪಾಳಿಯ ನರ್ಸ್ ಒಬ್ಬರು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು: ಯಾವ ಹೊತ್ತಿನಲ್ಲಿ ರೋಗಿಗಳು ಮಂಚದಿಂದ ಬಿದ್ದರು, ಆಗ ವಾರ್ಡಿನಲ್ಲಿ ಎಷ್ಟು ನರ್ಸ್‌ಗಳಿದ್ದರು. ಸಂಶೋಧನೆಯ ಚಟ ನನಗೆ, ‘ಇದನ್ನು ಯಾರಿಗೆ ಕೊಡುತ್ತೀರಿ?’ ಎಂದೆ. ‘ಯಾರೂ ಕೇಳಿಲ್ಲವಲ್ಲ’ ಎಂದು ನಕ್ಕರು.

ಫ್ಲಾರೆನ್ಸ್ ನೈಟಿಂಗೇಲ್ ನಮಗೆ ದೀಪ ಹಿಡಿದ ಮಹಿಳೆ. ಕ್ರಿಮಿಯನ್ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂದು 1858ರಲ್ಲಿ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದ ಸಂಖ್ಯಾಶಾಸ್ತ್ರಜ್ಞೆಯನ್ನು ಮರೆತಿದ್ದೇವೆ. ದೀಪಕ್ಕಾದರೆ ಕೈಮುಗಿದು ಸುಮ್ಮನಾಗಬಹುದು, ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದಲ್ಲ.

ನಿಯಮದ ಭಾರ ಹೊರುವವರಿಗೆ ನಿಯಮ ಬರೆಯುವ ಹಕ್ಕು ಬೇಡವೇ? ತರಬೇತಿ ಬೇಕು, ನಿಜ. ಬಜೆಟ್ ಓದಲು, ಸಭೆಯಲ್ಲಿ ವಾದಿಸಲು ಕಲಿಸಬಹುದು. ಆದರೆ ಕುರ್ಚಿಯೇ ಇಲ್ಲದಿದ್ದರೆ? ಡಿಸ್‌ಚಾರ್ಜ್ ದಿನ ನಾನೂ ‘ಸಿಸ್ಟರ್, ನೀವು ದೇವರು’ ಎಂದುಬಿಟ್ಟೆ. ನೋಟ್‌ಬುಕ್ಕಿನ ಮಾತೆತ್ತಲಿಲ್ಲ.