ಕಣ್ಣಿಗೆ ಬೀಳುವ ಆಟ

‘ನೀನು ಏಕೆ ಆಡುತ್ತೀಯೆ?’ ಎಂದು ಒಂದು ಮಗುವನ್ನು ಕೇಳಿನೋಡಿ. ಅದಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಹಸಿವಾದಾಗ ಉಣ್ಣುವಂತೆ, ನಿದ್ದೆ ಬಂದಾಗ ಮಲಗುವಂತೆ, ಶಾಲೆ ಬಿಟ್ಟ ಮೇಲೆ ಆಡುವುದು. ಅದಕ್ಕೂ ಒಂದು ಕಾರಣ ಬೇಕೆ? ಆದರೆ ಅದೇ ಪ್ರಶ್ನೆಯನ್ನು ಮಗುವಿನ ತಂದೆತಾಯಿಗಳಿಗೆ ಹಾಕಿದರೆ ಈಚೆಗೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ: ‘ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಕ್ಕೀತು.’ ಆಟಕ್ಕೆ ಹೀಗೊಂದು ಪ್ರಯೋಜನ ಹುಟ್ಟಿಕೊಂಡ ಮೇಲೆ ಆ ಪ್ರಯೋಜನವನ್ನು ಮಾರುವವರೂ ಹುಟ್ಟಿಕೊಳ್ಳುವುದು ಲೋಕದ ರೂಢಿ. ಖಾಸಗಿ ತರಬೇತಿ ಕೇಂದ್ರಗಳು ಹುಡುಗ ಹುಡುಗಿಯರನ್ನು ಸೇರಿಸಿ ತಂಡ ಕಟ್ಟುತ್ತವೆ, ಶುಲ್ಕ ಪಡೆಯುತ್ತವೆ, ಊರಿಂದೂರಿಗೆ ಪಂದ್ಯಾವಳಿಗಳಿಗೆ ಕರೆದೊಯ್ಯುತ್ತವೆ. ಅಲ್ಲಿಗೆ ಕಾಲೇಜುಗಳವರು ಬರುತ್ತಾರೆ, ನೋಡುತ್ತಾರೆ, ಮೆಚ್ಚಿದರೆ ಕರೆದುಕೊಳ್ಳುತ್ತಾರೆ ಎಂಬುದು ಭರವಸೆ. ಈ ಭರವಸೆಗೆ ಹಣ ಸುರಿಯುವುದು ಯೋಗ್ಯವೆ? ಲಾಭನಷ್ಟದ ಪ್ರಶ್ನೆಯಂತೆ ಕಾಣುವ ಇದರೊಳಗೆ ಧರ್ಮಾಧರ್ಮದ ಪ್ರಶ್ನೆಯೂ ಒಂದು ಅಡಗಿದೆ.

ನಾನು ಕನ್ನಡದ ಅಧ್ಯಾಪಕ. ಆಟದ ಮೈದಾನದಲ್ಲಿ ನನ್ನ ಸ್ಥಾನ ಎಂದಿನಿಂದಲೂ ಗೆರೆಯ ಹೊರಗೇ. ಆದರೆ ನಮ್ಮ ಕಡೆ ಅರ್ಜಿ, ಅಂಕಪಟ್ಟಿ, ಸೀಟು ಎಂಬ ಮಾತು ಬಂದರೆ ಯಾವ ವಿಷಯದ ಮೇಷ್ಟರಾದರೂ ಜನಕ್ಕೆ ನಡೆಯುತ್ತದೆ. ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರು ತಮ್ಮ ಮಗಳ ವಿಚಾರವನ್ನು ನನ್ನಲ್ಲಿ ಎತ್ತಿದ್ದು ಹಾಗೆಯೇ. ಹುಡುಗಿ ಹೈಸ್ಕೂಲಿನಲ್ಲಿ ಖೋ ಖೋ ಆಡುತ್ತಾಳೆ. ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೂ ಹೋಗಿ ಬಂದಿದ್ದಾಳೆ. ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಅವಳ ಓಟ ನೋಡಿ, ಖೋ ಖೋ ಬಿಡಿಸಿ ಸಾಫ್ಟ್‌ಬಾಲಿಗೆ ಸೇರಿಸಿ ಎಂದರಂತೆ. ‘ಅದನ್ನ ಆಡೋರು ಕಮ್ಮಿಯಂತೆ ಸಾರ್, ಸರ್ಟಿಫಿಕೇಟು ಬೇಗ ಆಗುತ್ತಂತೆ. ಫೀಸು ಕಟ್ಟಬೇಕು ಅಂದ್ರೆ ಒಂದು ಮಗ್ಗ ಮಾರ್ಬೇಕು. ಆದ್ರೂ ಹುಡುಗಿ ನಾಲ್ಕು ಜನರ ಕಣ್ಣಿಗೆ ಬೀಳ್ಬೇಕಲ್ಲ?’ ಎಂದರು ಅವರು. ಈ ಕೊನೆಯ ಮಾತಿಗೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ.

ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲಿನ ತಂಗಿ. 1887ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಕೆಲವರು ಮುಷ್ಟಿಯುದ್ಧದ ಕೈಗವಸನ್ನೇ ಉಂಡೆ ಕಟ್ಟಿ, ಕೋಲಿನಿಂದ ಹೊಡೆದು, ಒಂದು ಕೋಣೆಯೊಳಗೆ ಆಡಿದ ತಮಾಷೆ ಅದರ ಮೂಲ. ನಮ್ಮ ಲಗೋರಿ, ಚಿನ್ನಿದಾಂಡುಗಳ ಜಾತಕವೂ ಇದಕ್ಕಿಂತ ಬೇರೆ ಇರಲಾರದು. 1996ರಿಂದ 2008ರವರೆಗೆ ಮಹಿಳೆಯರ ಆಟವಾಗಿ ಅದು ಒಲಿಂಪಿಕ್ಸಿನಲ್ಲಿತ್ತು. 2021ರಲ್ಲಿ ಟೋಕಿಯೋದಲ್ಲಿ ಮತ್ತೆ ಕಾಣಿಸಿಕೊಂಡಿತು. 2028ರ ಲಾಸ್ ಏಂಜಲೀಸ್ ಕೂಟದಲ್ಲೂ ಅದಕ್ಕೆ ಸ್ಥಾನವಿದೆ. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲಿ ಬಂದಮೇಲೆ ಕಾಲೇಜುಗಳು ಹುಡುಗಿಯರ ತಂಡಗಳನ್ನು ಕಟ್ಟತೊಡಗಿದುವು. ಆಡುವ ಹುಡುಗಿಗೆ ವಿದ್ಯಾರ್ಥಿವೇತನ ದೊರೆಯತೊಡಗಿತು. ಇದು ಒಳ್ಳೆಯದೇ ಆಯಿತು. ಆದರೆ ಒಳ್ಳೆಯದರ ಬೆನ್ನಿಗೇ ‘ಷೋಕೇಸ್’ ತಂಡಗಳೂ ಬಂದುವು. ಷೋಕೇಸ್ ಎಂಬ ಮಾತು ನಮಗೂ ಹೊಸದಲ್ಲ. ನಡುಮನೆಯಲ್ಲಿ ಗೊಂಬೆಗಳನ್ನೂ ಬಹುಮಾನದ ಬಟ್ಟಲುಗಳನ್ನೂ ಇಡುವ ಗಾಜಿನ ಬೀರು. ಅಲ್ಲಿ ಗೊಂಬೆಗಳ ಬದಲು ಮಕ್ಕಳನ್ನು ನಿಲ್ಲಿಸಿದರು.

ಅಲ್ಲಿಯ ಲೆಕ್ಕ ನೋಡಿ. ಮೊದಲ ದರ್ಜೆಯ ಕಾಲೇಜು ತಂಡವೊಂದು 2025ರವರೆಗೆ 12 ಪೂರ್ಣ ವಿದ್ಯಾರ್ಥಿವೇತನಗಳಿಗೆ ಸಮನಾದ ಹಣವನ್ನಷ್ಟೇ ಕೊಡಬಹುದಾಗಿತ್ತು; ಅದನ್ನೇ ತಂಡದ ಹುಡುಗಿಯರು ಹಂಚಿಕೊಳ್ಳಬೇಕು. ಆ ವರ್ಷ ನ್ಯಾಯಾಲಯದ ರಾಜಿಯೊಂದರಿಂದ ಈ ಮಿತಿ ಹೋಗಿ, ರಾಜಿಗೆ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 25 ಜನರೆಂಬ ಹೊಸ ಮಿತಿ ಬಂದಿತು. ಮೂರನೆಯ ದರ್ಜೆಯ ಕಾಲೇಜುಗಳು ಆಟಕ್ಕೆಂದು ಬಿಡಿಗಾಸನ್ನೂ ಕೊಡುವುದಿಲ್ಲ. ಆದರೂ ವಾರ ವಾರವೂ ಕಾರಿನಲ್ಲಿ ನೂರಾರು ಮೈಲಿ ಹೋಗಿ ಮಗಳನ್ನು ಆಡಿಸುವ ತಂದೆತಾಯಿಗಳಿಗೆ ಕೊರತೆಯಿಲ್ಲ. ಹೈಸ್ಕೂಲು ಮೆಟ್ಟಿಲು ಹತ್ತುವ ಮುಂಚೆಯೇ ಹುಡುಗಿಯರು ಇಂಥ ಕಾಲೇಜಿಗೆ ಬರುತ್ತೇನೆಂದು ಮಾತು ಕೊಡುವ ಪರಿಸ್ಥಿತಿ ಒದಗಿ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಕಾಲೇಜಿನ ಕೋಚುಗಳು ಅವರೊಡನೆ ಮಾತನಾಡಕೂಡದೆಂದು 2018ರಲ್ಲಿ ಕಟ್ಟುಮಾಡಬೇಕಾಯಿತು. ಗಾಜಿನ ಬೀರುವಿಗೆ ಬೀಗ ಹಾಕಬೇಕಾದುದು ಬೀರು ಮಾಡಿದವರಿಗೇ ತಿಳಿಯಿತೆನ್ನಬೇಕು.

ನಮ್ಮಲ್ಲಿ ವ್ಯವಸ್ಥೆ ಬೇರೆ. ಶಾಲೆಯ ಮಗು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ತಳುಕಿನ ಹುಡುಗನೊಬ್ಬ ರಾಜ್ಯ ತಂಡದ ಬಾಗಿಲಿಗೆ ಹೋಗುವ ಹೊತ್ತಿಗೆ ಚಳ್ಳಕೆರೆ, ಚಿತ್ರದುರ್ಗಗಳನ್ನು ದಾಟಿ ಬೆಂಗಳೂರು ವಿಭಾಗದ ಅಷ್ಟೂ ಜಿಲ್ಲೆಗಳ ಮಕ್ಕಳೊಡನೆ ಸೆಣಸಿರುತ್ತಾನೆ. ಸಿ.ಇ.ಟಿ.ಯ ಕ್ರೀಡಾ ವಿಭಾಗದ ಸೀಟುಗಳಿಗೆ ತೂಕಕ್ಕೆ ಬರುವುದು ಮಾನ್ಯತೆ ಪಡೆದ ಇಂಥ ಸ್ಪರ್ಧೆಗಳ ಪ್ರಮಾಣಪತ್ರ. ಖಾಸಗಿ ಪಂದ್ಯಾವಳಿಯ ಹೊಳೆಯುವ ಫಲಕವಲ್ಲ. ಮದ್ರಾಸಿನ ಐ.ಐ.ಟಿ. 2024ರಿಂದ ಕ್ರೀಡಾಪಟುಗಳಿಗಾಗಿ ಪ್ರತಿ ಪದವಿ ತರಗತಿಗೆ ಎರಡು ಹೆಚ್ಚುವರಿ ಸೀಟುಗಳನ್ನಿಟ್ಟಿದೆ. ಒಂದು ಹುಡುಗಿಯರಿಗೇ ಮೀಸಲು. ಆದರೆ ಅಲ್ಲಿಯೂ ಪ್ರವೇಶ ಪರೀಕ್ಷೆಯನ್ನು ದಾಟಿದವರಿಗಷ್ಟೇ ಅವಕಾಶ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್.ಡಿ.ಎಂ.ನಂಥ ಸಂಸ್ಥೆಗಳು ಒಳ್ಳೆಯ ಆಟಗಾರರಿಗೆ ಊಟ ವಸತಿ ಕೊಟ್ಟು ಓದಿಸುತ್ತಿವೆ. ಸರ್ಕಾರದ ಕ್ರೀಡಾ ವಸತಿ ನಿಲಯಗಳೂ ಇವೆ. ಈ ಯಾವ ಬಾಗಿಲನ್ನು ತಟ್ಟುವುದಕ್ಕೂ ಮಗ್ಗ ಮಾರಬೇಕಾಗಿಲ್ಲ. ಆದುದರಿಂದ ಬರಿಯ ಲೆಕ್ಕವನ್ನೇ ಹಿಡಿದು ಹೇಳುವುದಾದರೆ, ಸೀಟಿಗಾಗಿ ಇಂಥ ತಂಡಕ್ಕೆ ಹಣ ಸುರಿಯುವುದು ಸಾಮಾನ್ಯವಾಗಿ ನಷ್ಟದ ಬಾಬು.

ಆದರೆ ಆ ನೇಕಾರರ ಮಾತು ಲೆಕ್ಕದಿಂದ ಮುಗಿಯುವುದಿಲ್ಲ. ‘ಕಣ್ಣಿಗೆ ಬೀಳಬೇಕಲ್ಲ?’ ಬೆಂಗಳೂರಿನಲ್ಲಿ ಕುಳಿತು, ಮಕ್ಕಳನ್ನು ಪ್ರದರ್ಶನಕ್ಕಿಡುವುದು ಹೇಯವೆಂದು ಮೂಗು ಮುರಿಯುವುದು ಸುಲಭ. ಅಲ್ಲಿಯ ಮಗು ಮನೆಯ ಮುಂದಿನ ಮೈದಾನದಲ್ಲಿ ಆಡಿದರೂ ಬಲ್ಲವರ ಕಣ್ಣಿಗೆ ಬಿದ್ದೀತು. ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮೊಳಕಾಲ್ಮುರಿಗೆ ಆ ಕಣ್ಣುಗಳು ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂದರೆ ಗಿಡದ ದೋಷವೆ? ಕಾಣಿಸಿಕೊಳ್ಳಬೇಕೆಂಬ ಆಸೆ ಇಲ್ಲಿ ಜಂಭವಲ್ಲ, ನ್ಯಾಯವಾದ ಹಸಿವು.

ಕಾಣಿಸಿಕೊಳ್ಳುವುದು ತನ್ನಷ್ಟಕ್ಕೆ ತಪ್ಪೂ ಅಲ್ಲ. ನಮ್ಮ ಸೀಮೆಯಲ್ಲಿ ‘ಆಟ’ ಎಂದರೆ ಬಯಲಾಟವೂ ಹೌದು. ವೇಷ ಕಟ್ಟಿದವನಿಗೆ ನೋಡುವವರು ಬೇಕು. ನೋಡುವವರಿದ್ದರೆ ಕುಣಿತಕ್ಕೆ ಕಳೆಯೇ ಬೇರೆ. ಆದರೆ ಇನ್ನೊಂದು ಬಗೆಯ ನೋಟವೂ ಉಂಟು. ಅದು ದನದ ಜಾತ್ರೆಯದು. ಕೊಳ್ಳುವವನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಬೆನ್ನು ತಟ್ಟುತ್ತಾನೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಬಯಲಾಟದಲ್ಲಿ ಜನ ನೋಡುವುದು ಆಟವನ್ನು. ಜಾತ್ರೆಯಲ್ಲಿ ನೋಡುವುದು ಸರಕನ್ನು. ಮಗು ಬಹಳ ಸೂಕ್ಷ್ಮ. ತನ್ನ ಮೇಲೆ ಬಿದ್ದ ನೋಟ ಯಾವುದೆಂದು ಅದಕ್ಕೆ ತಕ್ಷಣ ತಿಳಿಯುತ್ತದೆ. ತನ್ನನ್ನು ಸರಕೆಂದು ನೋಡುತ್ತಿದ್ದಾರೆಂದು ತಿಳಿದ ಮೇಲೆ ಅದು ತಂಡಕ್ಕಾಗಿ ಆಡುವುದನ್ನು ಬಿಟ್ಟು ತನಗಾಗಿ ಆಡತೊಡಗುತ್ತದೆ. ಕಾಲು ಉಳುಕಿದರೆ ಬಾಯಿ ಬಿಡದೆ ನೋವು ನುಂಗುತ್ತದೆ. ಜೊತೆಗಾರ್ತಿ ತಪ್ಪಿದರೆ ಒಳಗೊಳಗೇ ಹಿಗ್ಗುತ್ತದೆ. ಸೀಟು ಸಿಕ್ಕರೂ ಈ ಕಲಿಕೆ ಉಳಿಯುತ್ತದೆ.

ಖೋ ಖೋ ಬಿಟ್ಟು ಸಾಫ್ಟ್‌ಬಾಲಿಗೆ ಬಾ ಎಂಬ ಸಲಹೆಯಲ್ಲಿರುವ ತೊಡಕೂ ಇದೇ. ಸಾಫ್ಟ್‌ಬಾಲ್ ಕೀಳಾದ ಆಟವೇನೂ ಅಲ್ಲ. ಅದನ್ನು ಪ್ರೀತಿಸಿ ಆಡುವ ಹುಡುಗಿಗೆ ಅದೇ ದೊಡ್ಡದು. ಆದರೆ ‘ಆಡುವವರು ಕಡಿಮೆ’ ಎಂಬುದು ಒಂದು ಆಟವನ್ನು ಪ್ರೀತಿಸುವುದಕ್ಕೆ ಕಾರಣವಾಗಲಾರದು. ಸಾಲು ಚಿಕ್ಕದಿದೆಯೆಂದು ನಿಂತವಳು ಸಾಲು ಬೆಳೆದೊಡನೆ ಬೇರೆ ಸಾಲು ಹುಡುಕಬೇಕಾಗುತ್ತದೆ. ಅವಳ ಕಾಲಿಗೆ ಒಲಿದ ಖೋ ಖೋ ಅಷ್ಟು ಹೊತ್ತಿಗೆ ಎಲ್ಲಿರುತ್ತದೆ?

ಹಾಗಾದರೆ ಕಾಣುವ ಹೊಣೆ ಯಾರದು? ತಳುಕು ಟಿ.ಎಸ್. ವೆಂಕಣ್ಣಯ್ಯನವರ ಊರು, ಚಳ್ಳಕೆರೆ ತಾಲ್ಲೂಕಿಗೆ ಸೇರಿದುದು. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ. ಶಿಷ್ಯನಲ್ಲಿರುವುದನ್ನು ಗುರುತಿಸುವ ಕಣ್ಣು ಒಂದು ದಿನದ ಪರೀಕ್ಷೆಯಲ್ಲಿ ಮೂಡುವುದಿಲ್ಲ. ಅದು ತರಗತಿಯಲ್ಲಿ, ಹೊರಗೆ, ವರ್ಷಗಟ್ಟಲೆ ಜೊತೆಗಿದ್ದು ಪಳಗುವ ಕಣ್ಣು. ಆಟಕ್ಕೂ ಅಂಥ ಕಣ್ಣು ಬೇಕು. ಅದು ಇರಬೇಕಾದುದು ಹೈಸ್ಕೂಲಿನ ದೈಹಿಕ ಶಿಕ್ಷಕರಲ್ಲಿ, ತಾಲ್ಲೂಕು ಕ್ರೀಡಾಕೂಟದ ಬಿಸಿಲಿನಲ್ಲಿ ಒಂದು ಗಳಿಗೆ ನಿಂತು ನೋಡುವ ಕಾಲೇಜಿನ ತರಬೇತುದಾರರಲ್ಲಿ. ಆರಿಸುವವನು ಆಯ್ಕೆಗೆ ನಿಂತವರ ಬಳಿಗೆ ಬರಬೇಕು. ಅವನು ಬರದೆ, ಬಂದು ಕಾಣಿಸಿಕೊಳ್ಳುವ ಖರ್ಚನ್ನು ನೇಕಾರನ ತಲೆಗೆ ಕಟ್ಟಿದರೆ, ಆಟದ ಆಯ್ಕೆ ಹಣದ ಆಯ್ಕೆಯಾಗುತ್ತದೆ. ಷೋಕೇಸಿನ ಮೇಲೆ ನನ್ನ ಮುಖ್ಯವಾದ ಆಕ್ಷೇಪ ಇದು: ಬಡವರ ಮಕ್ಕಳಿಗೆ ದಾರಿಯೆಂದು ಮೀಸಲಿಟ್ಟ ಬಾಗಿಲಿಗೂ ಅದು ಸುಂಕದಕಟ್ಟೆ ಕಟ್ಟುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಫಲವೆಂಬುದು ದೊಡ್ಡವರಿಗೆ ಮಾತ್ರ ಎಟಕುವುದಲ್ಲ, ಚಿಕ್ಕವನೂ ಪ್ರಯತ್ನಪಟ್ಟರೆ ಪಡೆಯಬಲ್ಲ ಎಂಬುದು ಆ ಶಾಸನದ ಒಂದು ತಾತ್ಪರ್ಯ. ರಾಜನು ಹೇಳಿದ್ದು ಸ್ವರ್ಗದ ವಿಚಾರ. ನಾವು ಆಡುತ್ತಿರುವುದು ಸೀಟಿನ ವಿಚಾರ. ಆದರೂ ನೀತಿ ಒಂದೇ. ಗಮನಿಸಬೇಕಾದ ಸಂಗತಿಯೆಂದರೆ, ಈ ಮಾತನ್ನು ತಿಳಿಯಲು ರಾಜಧಾನಿಗೆ ಬನ್ನಿರೆಂದು ಅವನು ಜನರನ್ನು ಕರೆಯಲಿಲ್ಲ. ಪಾಟಲಿಪುತ್ರದಿಂದ ಇಷ್ಟು ದೂರದ ಬಂಡೆಗೆ ಮಾತನ್ನೇ ಕಳಿಸಿದನು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳೂ ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟು ಎಂಬ ನಿಯಮವನ್ನೇ ಹಿಡಿದರೆಂದು ನಮ್ಮ ಜನ ಇಂದಿಗೂ ನೆನೆಯುತ್ತಾರೆ. ದುಡಿದವರಿಗೆ ಎಂದರೇ ಹೊರತು ಕಾಣಿಸಿಕೊಂಡವರಿಗೆ ಎನ್ನಲಿಲ್ಲ.

ಆದರೆ ಧರ್ಮವಿಚಾರ ಹೇಳಿ ನೇಕಾರರನ್ನು ಬರಿಗೈಯಲ್ಲಿ ಕಳಿಸಲಾದೀತೆ? ಕಣ್ಣುಗಳು ಊರಿಗೆ ಬರುವವರೆಗೆ ಹುಡುಗಿಯ ವಯಸ್ಸು ಕಾಯುವುದಿಲ್ಲ. ಮಗ್ಗ ಮಾರಬೇಡಿ ಎಂದು ಅವರಿಗೆ ಹೇಳಿದೆ. ಸರ್ಕಾರದ ಆಯ್ಕೆಗಳಿಗೆ, ಓದಿಸುವ ಕಾಲೇಜುಗಳ ಆಯ್ಕೆಗಳಿಗೆ ಬಸ್ಸಿನ ಖರ್ಚು ಮಾಡಿ ಹೋಗಿ ಬರಲಿ, ಓದನ್ನು ಬಿಡದಿರಲಿ. ಯಾವುದಾದರೂ ತಂಡಕ್ಕೆ ಸೇರಿಸಲೇಬೇಕೆನಿಸಿದರೆ ಮೊದಲು ಮೂರು ಮಾತು ಕೇಳಿಕೊಳ್ಳಿ: ಈ ಪಂದ್ಯಗಳ ಪ್ರಮಾಣಪತ್ರಕ್ಕೆ ಮಾನ್ಯತೆ ಇದೆಯೆ? ಈ ಹಣ ಹೋದರೆ ಮನೆಯಲ್ಲಿ ಯಾರ ಓದು, ಯಾರ ಔಷಧ ನಿಲ್ಲುತ್ತದೆ? ಸೀಟು ಸಿಗಲಿಲ್ಲವೆಂದೇ ಇಟ್ಟುಕೊಳ್ಳಿ, ಆಗಲೂ ಹುಡುಗಿ ಈ ಎರಡು ವರ್ಷ ಆಡಿದ್ದು ಒಳ್ಳೆಯದಾಯಿತು ಎಂದಾಳೆಯೆ? ಮೂರನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಹುಡುಗಿ. ತಂದೆಯಲ್ಲ, ಮೇಷ್ಟರೂ ಅಲ್ಲ.

ಹಾಗೆಯೇ ತಂಡ ಕಟ್ಟುವವರನ್ನೂ ಒಂದು ಮಾತು ಕೇಳಬೇಕು. ಸಾಫ್ಟ್‌ಬಾಲಿನಲ್ಲಿ ಮೈದಾನಕ್ಕಿಳಿಯುವವರು ಒಂಬತ್ತು ಜನ; ಖೋ ಖೋದಲ್ಲಿಯೂ ಬೆನ್ನಟ್ಟುವವರು ಒಂಬತ್ತೇ. ಅವರಲ್ಲಿ ಒಬ್ಬಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಅವಳ ಚಿತ್ರ ಜಾಹೀರಾತಿನಲ್ಲಿ ಬಂದಿತು, ಸಂತೋಷ. ಉಳಿದ ಎಂಟು ಜನರಿಗೆ ನೀವು ಕೊಟ್ಟದ್ದೇನು? ಗಟ್ಟಿಯಾದ ಮೈ, ಸೋಲನ್ನು ತಾಳುವ ಮನಸ್ಸು, ಬಾಳಿನುದ್ದಕ್ಕೂ ಬರುವ ಗೆಳತಿಯರು, ಇನ್ನೊಮ್ಮೆ ಆಡಬೇಕೆಂಬ ಆಸೆ: ಇವನ್ನು ಕೊಟ್ಟಿದ್ದರೆ ಆ ತಂಡ ಸಾರ್ಥಕ, ಸೀಟು ಒಂದೂ ಬರದಿದ್ದರೂ ಸಾರ್ಥಕ. ಕೊಡದಿದ್ದರೆ, ಆ ಒಬ್ಬಳ ಸೀಟಿಗೆ ಎಂಟು ಮನೆಗಳು ಬೆಲೆ ತೆತ್ತುವೆಂದೇ ಅರ್ಥ.